ಐದನೇ ಗಾಡಿಯ ಮುಳ್ಳು

ಕದ್ರಿಯ ನಮ್ಮ ಮನೆ ಬಾಗಿಲಿಗೆ ಝುಬೈರ್ ಬಂದಾಗ ಬೆಳಗ್ಗೆ ಎಂಟೂವರೆ. ಅವನನ್ನು ನಾನು ಹದಿನೈದು ವರ್ಷದಿಂದ ಬಲ್ಲೆ. ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದ ಕಾಲದಲ್ಲಿ, ರೋಗಿಯನ್ನು ಇಳಿಸಿಕೊಟ್ಟ ಮೇಲೂ ಸುಮ್ಮನೆ ಹೊರಟುಹೋಗದೆ "ಸಿಸ್ಟರ್, ಅವರು ಹೇಗಿದ್ದಾರೆ?" ಎಂದು ಕೇಳಿ ಹೋಗುತ್ತಿದ್ದ ಆಂಬುಲೆನ್ಸ್ ಡ್ರೈವರ್ ಅವನೊಬ್ಬನೇ. ಆ ಬೆಳಗ್ಗೆ ಅವನ ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು.

"ಸಿಸ್ಟರ್, ನಿಮ್ಮ ವಾರಿಜಕ್ಕ ಇದ್ದಾರಾ? ನಾನು ಒಬ್ಬ ಮನುಷ್ಯನನ್ನು ಕೊಂದೆ ಅಂತ ಎಲ್ಲರೂ ಹೇಳ್ತಾರೆ. ನಾನು ಕೊಂದದ್ದು ಹೌದಾ ಅಲ್ವಾ ಅಂತ ನನಗೇ ಗೊತ್ತಾಗುವುದಿಲ್ಲ."

ವಾರಿಜಾಕ್ಷಿ ಒಳಗಿನಿಂದಲೇ, "ಕೂತುಕೊಳ್ಳಲಿಕ್ಕೆ ಹೇಳು ಮಗ್ದಾ, ಮೊದಲು ಕಾಫಿ ಕೊಡು" ಎಂದು ನನಗೆ ಹೇಳಿದರು.

ವಾರಿಜಕ್ಕ ಮೂವತ್ತೊಂದು ವರ್ಷ ವಿಮಾ ಕಂಪೆನಿಗಳಿಗಾಗಿ ನಷ್ಟ ಪರಿಶೀಲಿಸುವ ಸರ್ವೇಯರ್ ಆಗಿದ್ದವರು. ಮುಳುಗಿದ ಬೋಟು, ಸುಟ್ಟ ಗೋದಾಮು, ಮಗುಚಿದ ಟ್ಯಾಂಕರ್, ಎಲ್ಲದರ ಒಳಹೊಕ್ಕು ನೋಡಿದವರು. ನಿವೃತ್ತಿಯಾದ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಅವರು ಕೆಳಗೆ, ನಾನು ಮೇಲೆ. ಅಡಿಗೆ ಬೇರೆ ಬೇರೆ, ಊಟ ಒಟ್ಟಿಗೆ. ಯಾರಾದರೂ ಹೀಗೆ ಬಾಗಿಲು ತಟ್ಟಿದರೆ ಅವರ ಜೊತೆ ನಾನೂ ಹೊರಡುತ್ತೇನೆ. ನನಗೆ ಗೊತ್ತಿರುವುದು ರೋಗಿಗಳ ವಿಷಯ, ಅವರಿಗೆ ಗೊತ್ತಿರುವುದು ಯಂತ್ರಗಳ ವಿಷಯ.

ಝುಬೈರ್ ಹೇಳಿದ್ದು ಇಷ್ಟು. ಪಡೀಲಿನಲ್ಲಿ ಗುಣವತಿ ಶೆಡ್ತಿಯವರ ಸೇವಾ ಟ್ರಸ್ಟ್ ಉಂಟು, ಅದಕ್ಕೆ ಏಳು ಆಂಬುಲೆನ್ಸ್. ನವೆಂಬರ್ ಹದಿನೇಳರ ಬೆಳಗ್ಗೆ ಏಳಕ್ಕೆ ಅವನು ಕೆಲಸಕ್ಕೆ ಬಂದಾಗ ಐದನೇ ಗಾಡಿ ಕೊಟ್ಟರು. ಆ ತಿಂಗಳಲ್ಲಿ ಅವನು ಅದನ್ನು ಮುಟ್ಟಿದ್ದು ಅದೇ ಮೊದಲು. ಆಮ್ಲಜನಕದ ಸಿಲಿಂಡರಿನ ಮೇಲಿರುವ ರೆಗ್ಯುಲೇಟರಿನ ಮೀಟರಿನಲ್ಲಿ ಮುಳ್ಳು ನೂರೈವತ್ತು ತೋರಿಸುತ್ತಿತ್ತು, ಅಂದರೆ ತುಂಬಿದ ಸಿಲಿಂಡರ್. ಅಲ್ಲಿಯ ನಿಯಮದಂತೆ ಅದರ ಫೋಟೋ ತೆಗೆದು ಟ್ರಸ್ಟಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಹತ್ತು ಗಂಟೆಗೆ ಕಾಟಿಪಳ್ಳದಿಂದ ಕರೆ ಬಂತು. ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನೋಣಯ್ಯ ಎಂಬವರಿಗೆ ಶ್ವಾಸಕೋಶದ ಕಾಯಿಲೆ, ಉಸಿರು ಕಟ್ಟುತ್ತಿತ್ತು. ಅಟೆಂಡರ್ ರಜೆಯಲ್ಲಿದ್ದ. ಝುಬೈರನೇ ಮಾಸ್ಕ್ ಹಾಕಿ, ಮಗಳು ಸಂಚಿತಾಳನ್ನು ಹಿಂದೆ ಕೂರಿಸಿಕೊಂಡು ಹೊರಟ. ಕೂಳೂರು ಸೇತುವೆಯ ಮೇಲೆ ಗಾಡಿಗಳ ಸಾಲು ನಿಂತಿತ್ತು. ಅಲ್ಲೇ ಆಮ್ಲಜನಕ ಮುಗಿಯಿತು. ಆಸ್ಪತ್ರೆ ತಲುಪುವಾಗ ನೋಣಯ್ಯನವರು ಇರಲಿಲ್ಲ.

"ಸಂಜೆ ನಾಲ್ಕಕ್ಕೆ ಪೊಲೀಸರು ಗಾಡಿ ನೋಡಿದರು" ಎಂದ ಝುಬೈರ್. "ಸಿಲಿಂಡರ್ ಖಾಲಿ. ಬೇರೆ ತುಂಬಿದ ಸಿಲಿಂಡರಿಗೆ ಹಾಕಿ ನೋಡಿದರೆ ರೆಗ್ಯುಲೇಟರ್ ಸರಿ ಉಂಟು, ಮುಳ್ಳೂ ಸರಿ ಉಂಟು. ಹಾಗಾದರೆ ನಾನು ಖಾಲಿ ಸಿಲಿಂಡರಿನಲ್ಲೇ ಹೊರಟದ್ದು, ಯಾವುದೋ ಹಳೇ ಫೋಟೋ ಕಳಿಸಿದ್ದು ಅಂತ ಕೇಸು. ಮೂರು ದಿವಸ ಒಳಗಿದ್ದು ನಿನ್ನೆ ಜಾಮೀನಿನಲ್ಲಿ ಬಂದೆ."

"ಸಿಲಿಂಡರಿನ ವಾಲ್ವ್ ಮುಚ್ಚಿ ಮುಳ್ಳು ಕೆಳಗೆ ಬರುತ್ತದಾ ಅಂತ ನೋಡಿದ್ದಿಯಾ?" ವಾರಿಜಕ್ಕ ಕೇಳಿದರು.

ಅವನು ತಲೆ ತಗ್ಗಿಸಿದ. "ಇಲ್ಲ ಮೇಡಂ. ನೂರೈವತ್ತು ಕಂಡಿತು, ಫೋಟೋ ತೆಗೆದೆ. ಅದು ನನ್ನ ತಪ್ಪು."

"ಅದು ತಪ್ಪೇ. ಆದರೆ ಸುಳ್ಳಲ್ಲ. ಫೋಟೋ ತೋರಿಸು."

ಸಿಲಿಂಡರಿನ ಮೇಲೆ ಕೆಂಪು ಬಣ್ಣದಲ್ಲಿ ಐದು ಎಂದು ಬರೆದದ್ದು ಸ್ಪಷ್ಟವಾಗಿತ್ತು. ಅದರ ಮೇಲೆ ಬಿಳಿ ಮುಖದ ಮೀಟರು, ಗಾಜಿನ ಕೆಳಬದಿಯಲ್ಲಿ ಉಗುರಿನಾಕಾರದ ಒಂದು ಬಿರುಕು. ವಾರಿಜಕ್ಕ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗುಂಪಿನಲ್ಲಿದ್ದ ಆ ತಿಂಗಳ ಎಲ್ಲ ಫೋಟೋಗಳನ್ನೂ ನನ್ನ ಫೋನಿಗೆ ಕಳುಹಿಸಲು ಹೇಳಿದರು.

ಕಾಟಿಪಳ್ಳದ ಮನೆಯಲ್ಲಿ ನೋಣಯ್ಯನವರ ಚಪ್ಪಲಿ ಇನ್ನೂ ಮೆಟ್ಟಿಲಲ್ಲೇ ಇತ್ತು. ಸಂಚಿತಾ ಶಾಲೆಯೊಂದರಲ್ಲಿ ಟೀಚರ್. ಝುಬೈರನ ಹೆಸರು ಎತ್ತಿದ್ದೇ ತಡ ಅವಳ ಮುಖ ಬಿಗಿಯಿತು. "ಅವನ ಪರವಾಗಿ ಮಾತಾಡ್ಲಿಕ್ಕೆ ಬಂದದ್ದಾದರೆ ಬೇಡ."

"ಯಾರ ಪರವೂ ಅಲ್ಲ ಮಗಾ" ಎಂದೆ. "ನಾನು ನರ್ಸ್ ಆಗಿದ್ದವಳು. ಒಂದೇ ಪ್ರಶ್ನೆ. ಮಾಸ್ಕಿಗೆ ಹೋಗುವ ಗಾಳಿ ಒಂದು ನೀರಿನ ಬಾಟ್ಲಿಯ ಒಳಗಿಂದ ಹೋಗ್ತದೆ ಅಲ್ವಾ, ಅದರಲ್ಲಿ ಗುಳ್ಳೆ ಬರ್ತಿತ್ತಾ?"

ಅವಳು ಯೋಚಿಸಿದಳು. "ಬರ್ತಿತ್ತು. ಸೇತುವೆ ಹತ್ತಿರ ಬರುವಾಗ ಕಡಿಮೆಯಾಯ್ತು, ಮತ್ತೆ ನಿಂತೇಹೋಯ್ತು. ನಾನು ಮೇಲೆ ಮೀಟರ್ ನೋಡಿದೆ. ಮುಳ್ಳು ಮನೆಯಿಂದ ಹೊರಡುವಾಗ ಎಲ್ಲಿತ್ತೋ ಅಲ್ಲೇ ಇತ್ತು. ಹಾಗಾಗಿ ಪೈಪು ಎಲ್ಲೋ ಮಡಚಿದೆ ಅಂದುಕೊಂಡು ಪೈಪನ್ನೇ ಸರಿ ಮಾಡ್ತಾ ಕೂತೆ." ಅವಳು ಮೆಟ್ಟಿಲಲ್ಲಿದ್ದ ಚಪ್ಪಲಿಯತ್ತ ನೋಡಿದಳು. "ಎಷ್ಟು ಹೊತ್ತು ಪೈಪು ಸರಿ ಮಾಡ್ತಾ ಕೂತೆ ನಾನು!"

ನಾನು ಅವಳ ಕೈ ಹಿಡಿದುಕೊಂಡೆ. ವಾರಿಜಕ್ಕ ಏನೂ ಬರೆದುಕೊಳ್ಳಲಿಲ್ಲ.

ಮರುದಿನ ಪಡೀಲಿಗೆ ಹೋದೆವು. ಶೆಡ್ಡಿನ ಬಾಗಿಲಲ್ಲೇ ದೊಡ್ಡ ಬೋರ್ಡು: "ಏಳೂ ಸಿದ್ಧ." ಅದರ ಕೆಳಗೆ ಸೀಮೆಸುಣ್ಣದಲ್ಲಿ ೯೯೮. ಅದು ಹದಿನೇಳನೇ ತಾರೀಕಿನ ಲೆಕ್ಕ, ಆಮೇಲೆ ಯಾರೂ ಅಳಿಸಿ ಬರೆದಿರಲಿಲ್ಲ. ಒಂದು ಗಾಡಿಯೂ ರಿಪೇರಿಗೆಂದು ನಿಲ್ಲದ ದಿನಗಳ ಸಂಖ್ಯೆ ಅದು ಎಂದು ಗುಣವತಿಯವರೇ ವಿವರಿಸಿದರು. ಎಪ್ಪತ್ತು ದಾಟಿದ ಹೆಂಗಸು, ಬಿಳಿ ಸೀರೆ, ನೇರ ನಡಿಗೆ.

"ಸಾವಿರ ಆಗುವ ದಿವಸ ಒಂದು ಸಣ್ಣ ಕಾರ್ಯಕ್ರಮ ಇಟ್ಟಿದ್ದೆ. ಭಟ್ರಿಗೆ ಶಾಲು ಹೊದಿಸುವುದು ಅಂತ. ಅವರಿಂದಾಗಿಯೇ ಅಲ್ವಾ ಇಷ್ಟು ದಿವಸ ಗಾಡಿ ಓಡಿದ್ದು? ಈಗ ಎಂತ ಕಾರ್ಯಕ್ರಮ."

ಗೋಪಾಲಕೃಷ್ಣ ಭಟ್ಟರು ಸ್ಟೋರ್ ನೋಡಿಕೊಳ್ಳುವವರು. ಅರುವತ್ತೆರಡು ವರ್ಷ, ತೆಳು ಮೈ, ಕಿಸೆಯಲ್ಲಿ ಎರಡು ಪೆನ್ನು. ಅವರ ಸ್ಟೋರಿನಷ್ಟು ಅಚ್ಚುಕಟ್ಟಾದ ಕೋಣೆಯನ್ನು ನಾನು ನೋಡಿಲ್ಲ. ಪ್ರತಿ ರೆಗ್ಯುಲೇಟರಿನ ಹಿತ್ತಾಳೆಯ ಮೇಲೆ ಒಂದು ನಂಬರು ಕೆತ್ತಿದೆ. ಯಾವ ನಂಬರು ಯಾವ ಗಾಡಿಯಲ್ಲಿ ಎಂದು ಪುಸ್ತಕದಲ್ಲಿ ಉಂಟು. ಅರ್ಧ ಮೀಟರ್ ವಯರ್ ಕೊಟ್ಟರೂ ಬರೆದಿದ್ದಾರೆ. ಪುಸ್ತಕದ ತುಂಬ ಅವರದೊಂದೇ ಕೈಬರಹ.

"ಐದನೇ ಗಾಡಿಯಲ್ಲಿ ಇಪ್ಪತ್ತೆರಡನೇ ನಂಬರು, ಮೊದಲಿಂದಲೂ" ಎಂದರು ಭಟ್ಟರು. "ಪೊಲೀಸರು ನೋಡುವಾಗಲೂ ಅದೇ ಇತ್ತು."

"ಕೆಟ್ಟ ರೆಗ್ಯುಲೇಟರ್ ಯಾವುದಾದರೂ ಉಂಟಾ ಭಟ್ರೇ?"

"ಒಂದು ಉಂಟು, ಹದಿನಾಲ್ಕನೇ ನಂಬರು. ಮೂರನೇ ಗಾಡಿಯದು. ಮುಳ್ಳು ಅಂಟಿಕೊಳ್ತದೆ. ಆರನೇ ತಾರೀಕಿಗೆ ತೆಗೆದು, ಇದ್ದ ಒಂದೇ ಒಂದು ಸ್ಪೇರ್ ಅಲ್ಲಿಗೆ ಹಾಕಿ ಆಯ್ತು." ಅವರು ಕಪಾಟಿನ ಬೀಗ ತೆಗೆದು ತೋರಿಸಿದರು. ಕೆಂಪು ಬಟ್ಟೆ ಕಟ್ಟಿದ ಬಿಳಿ ಮುಖದ ಮೀಟರು. ಗಾಜಿನ ಕೆಳಬದಿಯಲ್ಲಿ ಉಗುರಿನಾಕಾರದ ಬಿರುಕು. ಫೋಟೋದಲ್ಲಿದ್ದದ್ದೂ ಇದೇ ಎಂದು ಹೇಳಲು ನಾನು ಬಾಯಿ ತೆರೆದೆ. ವಾರಿಜಕ್ಕ ಮಾತ್ರ ಬೇರೆ ಏನೋ ಕೇಳಿದರು. "ಈ ಕಪಾಟಿನ ಕೀ ಯಾರ ಹತ್ತಿರ?"

"ಒಂದು ನನ್ನಲ್ಲಿ. ಇನ್ನೊಂದು ಶ್ರವಣ್ ಅವರ ಮೇಜಿನಲ್ಲಿ. ಫೈಝಲ್ ಕೆಲವು ಸಲ ಕೇಳಿ ತಕ್ಕೊಳ್ತಾನೆ."

ಶ್ರವಣ್ ಗುಣವತಿಯವರ ಮಗ, ಟ್ರಸ್ಟಿನ ಆಡಳಿತ ಅವರದು. ಫೈಝಲ್ ಉಪಕರಣಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಡ್ಯೂಟಿ ಹಂಚಿಕೆಯ ವಿಷಯದಲ್ಲಿ ಅವನಿಗೂ ಝುಬೈರನಿಗೂ ಒಂದು ತಿಂಗಳಿಂದ ಮಾತಿರಲಿಲ್ಲ. ಹದಿನೇಳರಂದು ಝುಬೈರನನ್ನು ಪೊಲೀಸರು ಕರೆದೊಯ್ದ ಮೇಲೆ ಆಸ್ಪತ್ರೆಯಿಂದ ಗಾಡಿಯನ್ನು ವಾಪಸು ಓಡಿಸಿಕೊಂಡು ಬಂದದ್ದು ಶ್ರವಣ್. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಆ ಹೊತ್ತಿನಲ್ಲಿ ಭಟ್ಟರು, ಶ್ರವಣ್, ಫೈಝಲ್ ಮೂವರೂ ಅಲ್ಲೇ ಇದ್ದರು.

ವಾರಿಜಕ್ಕ ಸ್ಟೋರಿನ ಪುಸ್ತಕವನ್ನು ಇನ್ನಷ್ಟು ತಿರುವಿ ಹಾಕಿದರು. ಒಂದು ಕಡೆ ಬೆರಳು ನಿಲ್ಲಿಸಿದರು. "ರೆಗ್ಯುಲೇಟರಿನ ವಾಷರ್ ಈ ತಿಂಗಳು ಸ್ಟಾಕಿನಲ್ಲಿ ಇರಲೇ ಇಲ್ಲವಾ?"

"ಇರಲಿಲ್ಲ. ಹದಿನೇಳರ ಮಧ್ಯಾಹ್ನ ಹನ್ನೆರಡೂವರೆಗೆ ಪಾರ್ಸೆಲ್ ಬಂತು. ಹನ್ನೆರಡು. ಈ ಸಲ ಹಸಿರು ಬಣ್ಣದ್ದು ಕಳಿಸಿದ್ದಾರೆ, ಹಿಂದಿನದೆಲ್ಲ ಕಪ್ಪು. ಹದಿನೆಂಟಕ್ಕೆ ಆರನೇ ಗಾಡಿಗೆ ಒಂದು ಕೊಟ್ಟೆ. ಉಳಿದದ್ದು ಹನ್ನೊಂದು."

ವಾರಿಜಕ್ಕ ಡಬ್ಬಿ ಮಗುಚಿ ಎಣಿಸಿದರು. ಹನ್ನೊಂದೇ ಇತ್ತು. ಎಲ್ಲವೂ ಹಸಿರು.

ಹೊರಗೆ ಬಂದಾಗ ಆರನೇ ಗಾಡಿ ಆಗ ತಾನೇ ಬಂದು ನಿಂತಿತ್ತು. ಅದರ ರೆಗ್ಯುಲೇಟರನ್ನು ಒಮ್ಮೆ ಬಿಚ್ಚಿ ತೋರಿಸಲು ಅವರು ಫೈಝಲನಿಗೆ ಹೇಳಿದರು. ಅವನು ಸ್ಪ್ಯಾನರ್ ಹಾಕಿ ಬಿಚ್ಚಿ ಅಂಗೈಯಲ್ಲಿಟ್ಟ. ಸಿಲಿಂಡರಿಗೆ ಕೂರುವ ಕಡೆ ಗಾಳಿ ಸೋರದಂತೆ ಹಾಕಿದ್ದ ವಾಷರ್ ಕಪ್ಪು ಬಣ್ಣದ್ದು, ಸ್ವಲ್ಪ ಸವೆದಿತ್ತು. "ಇದಕ್ಕೆ ಎಂತ ಆಗ್ಲಿಲ್ಲ ಮೇಡಂ, ಇನ್ನೂ ಆರು ತಿಂಗಳು ಬರ್ತದೆ" ಎಂದ. ವಾರಿಜಕ್ಕ "ಆಯ್ತು, ಹಾಕು" ಎಂದರು, ಅಷ್ಟೇ.

ಇನ್ಸ್‌ಪೆಕ್ಟರ್ ರಘುವೀರ ಅವರಿಗೆ ವಾರಿಜಕ್ಕನ ಪರಿಚಯ ಹಳೆಯದು, ವಿಮೆಯ ಕೇಸುಗಳ ಕಾಲದ್ದು. ಸಂಜೆ ಅವರು ಬಂದು ತಮ್ಮೆದುರಿನಲ್ಲೇ ಐದನೇ ಗಾಡಿಯ ಮೊಹರು ತೆಗೆಸಿದರು. ಹದಿನೇಳರ ಸಂಜೆ ನಾಲ್ಕಕ್ಕೆ ಹಾಕಿದ ಮೊಹರು ಹಾಗೇ ಇತ್ತು. ಇಪ್ಪತ್ತೆರಡನೇ ನಂಬರಿನ ರೆಗ್ಯುಲೇಟರನ್ನು ಬಿಚ್ಚಿದರು. ಅದರ ಮೀಟರಿನ ಮುಖ ನೀಲಿ, ಗಾಜು ನಯವಾಗಿತ್ತು. ಒಳಗೆ ಹಸಿರು ವಾಷರ್.

ವಾರಿಜಕ್ಕ ಕೈ ಒರೆಸಿಕೊಂಡರು. "ನಾಳೆ ಹತ್ತಕ್ಕೆ ಎಲ್ಲರೂ ಇಲ್ಲೇ ಸೇರಲಿ ರಘುವೀರ. ಸಂಚಿತಾಳನ್ನೂ ಕರೆಸಿ. ಅವಳಿಗೆ ಗೊತ್ತಾಗಬೇಕು."

ಕೇಸು ಬಿಡಿಸಿದ ದಿನ ಅವರು ಸಾಮಾನ್ಯವಾಗಿ ಹಗುರಾಗಿರುತ್ತಾರೆ. ಅಂದು ಹಾಗಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಟ್ರಸ್ಟಿನ ಕಚೇರಿಯಲ್ಲಿ ನಾವು ಒಂಬತ್ತು ಮಂದಿ ಸೇರಿದ್ದೆವು. ಗುಣವತಿಯವರು ಮತ್ತು ಶ್ರವಣ್ ಒಂದು ಬದಿ, ಭಟ್ಟರು ಮತ್ತು ಫೈಝಲ್ ಇನ್ನೊಂದು ಬದಿ. ಝುಬೈರ್ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತಿದ್ದ. ಸಂಚಿತಾ ಅವನತ್ತ ನೋಡದೆ ನನ್ನ ಪಕ್ಕ ಕೂತಳು. ಇನ್ಸ್‌ಪೆಕ್ಟರ್ ಕಿಟಕಿಗೆ ಒರಗಿ ನಿಂತಿದ್ದರು.

"ಮೊದಲ ವಿಷಯ" ಎಂದು ವಾರಿಜಕ್ಕ ಶುರು ಮಾಡಿದರು. "ಝುಬೈರ್ ಹಳೇ ಫೋಟೋ ಕಳಿಸಿದ ಅಂತ ಕೇಸು. ಈ ತಿಂಗಳ ಐದನೇ ಗಾಡಿಯ ಫೋಟೋ ಎಲ್ಲ ನೋಡಿ ಆಯ್ತು. ಹದಿನಾರರವರೆಗೆ ದಿನವೂ ನೀಲಿ ಮುಖದ ಮೀಟರು. ಹದಿನೇಳಕ್ಕೆ ಮಾತ್ರ ಬಿಳಿ. ಐದನೇ ಗಾಡಿಯಲ್ಲಿ ಬಿಳಿ ಮೀಟರಿನ ಹಳೇ ಫೋಟೋ ಇಲ್ಲವೇ ಇಲ್ಲ. ಇಲ್ಲದ ಫೋಟೋವನ್ನು ಅವನು ಎಲ್ಲಿಂದ ತೆಗೆದು ಕಳಿಸ್ತಾನೆ? ಅದು ಅವತ್ತು ಬೆಳಗ್ಗೆಯೇ ತೆಗೆದದ್ದು."

"ಹಾಗಾದರೆ ಆ ಬಿಳಿ ಮೀಟರು?" ಶ್ರವಣ್ ಕೇಳಿದರು.

"ಬಿರುಕು ನೋಡಿ. ಅದೇ ಬಿರುಕು ಐದನೇ ತಾರೀಕಿನವರೆಗೆ ಮೂರನೇ ಗಾಡಿಯ ಫೋಟೋಗಳಲ್ಲಿ ಉಂಟು. ಪ್ರತಿ ಫೋಟೋದಲ್ಲೂ ಮುಳ್ಳು ನೂರೈವತ್ತರಲ್ಲಿ, ಒಂದು ಕೂದಲು ಆಚೀಚೆ ಇಲ್ಲ. ಅದು ಹದಿನಾಲ್ಕನೇ ನಂಬರು, ಕೆಂಪು ಬಟ್ಟೆ ಕಟ್ಟಿ ಕಪಾಟಿನಲ್ಲಿ ಇಟ್ಟದ್ದು. ಹದಿನೇಳರ ಬೆಳಗ್ಗೆ ಅದು ಐದನೇ ಗಾಡಿಯ ಮೇಲಿತ್ತು. ಗುಳ್ಳೆ ನಿಂತರೂ ಮುಳ್ಳು ಇಳಿಯಲಿಲ್ಲ ಅಂತ ಸಂಚಿತಾ ಹೇಳಿದ್ದು ಅದಕ್ಕೇ. ಸಂಜೆ ಪೊಲೀಸರು ಬರುವಾಗ ಅದು ವಾಪಸು ಕಪಾಟಿನಲ್ಲಿ, ಇಪ್ಪತ್ತೆರಡು ವಾಪಸು ಗಾಡಿಯಲ್ಲಿ."

"ಅದನ್ನು ಯಾಕೆ ಹಾಕಬೇಕಿತ್ತು ಮೇಡಂ?" ಫೈಝಲ್ ಕೇಳಿದ. "ಇಪ್ಪತ್ತೆರಡಕ್ಕೆ ಎಂತ ಆಗಿತ್ತು?"

"ವಾಷರ್ ಹೋಗಿತ್ತು, ಗಾಳಿ ಸೋರುತ್ತಿತ್ತು. ಸ್ಟೋರಿನಲ್ಲಿ ಒಂದು ವಾಷರೂ ಇಲ್ಲ. ಹದಿನಾಲ್ಕು ಬೇರೆ ಕಂಪೆನಿಯದ್ದು, ಅದರ ವಾಷರ್ ಇದಕ್ಕೆ ಕೂರುವುದಿಲ್ಲ. ಬೇರೆ ರೆಗ್ಯುಲೇಟರೂ ಇಲ್ಲ. ಅಂಥ ಹೊತ್ತಿಗೆ ಮಾಡಬೇಕಾದದ್ದು ಒಂದೇ, ಐದನೇ ಗಾಡಿಯನ್ನು ನಿಲ್ಲಿಸುವುದು. ನಿಲ್ಲಿಸಿದರೆ ಆ ಬೋರ್ಡಿನ ಲೆಕ್ಕ ಸೊನ್ನೆಗೆ ಬರ್ತದೆ. ಸಾವಿರಕ್ಕೆ ಇನ್ನು ಎರಡೇ ದಿನ."

ವಾರಿಜಕ್ಕ ಸ್ಟೋರಿನ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರು.

"ಇಪ್ಪತ್ತೆರಡನ್ನು ಸರಿ ಮಾಡಿದ್ದು ಹಸಿರು ವಾಷರಿನಿಂದ. ಆ ವಾಷರ್ ಊರಿಗೆ ಬಂದದ್ದೇ ಹನ್ನೆರಡೂವರೆಗೆ, ಮೊಹರು ಬಿದ್ದದ್ದು ನಾಲ್ಕಕ್ಕೆ. ಆ ಹೊತ್ತಿನಲ್ಲಿ ಇಲ್ಲಿ ಇದ್ದದ್ದು ಮೂವರು. ಮೂವರಿಗೂ ಕಪಾಟಿನ ಕೀ ಸಿಗ್ತದೆ. ಫೈಝಲನಿಗೆ ಝುಬೈರನ ಮೇಲೆ ಸಿಟ್ಟು ಉಂಟು. ಗಾಡಿ ತಂದದ್ದು ಶ್ರವಣ್. ಆದರೆ ಇವರಿಬ್ಬರಲ್ಲಿ ಒಬ್ಬರು ಡಬ್ಬಿಯಿಂದ ವಾಷರ್ ತೆಗೆದಿದ್ದರೆ ಎಂತ ಆಗಬೇಕಿತ್ತು? ಪುಸ್ತಕಕ್ಕಿಂತ ಡಬ್ಬಿಯಲ್ಲಿ ಒಂದು ಕಡಿಮೆ ಇರಬೇಕಿತ್ತು. ಕಡಿಮೆ ಇಲ್ಲ. ಪುಸ್ತಕದಲ್ಲಿ ಆರನೇ ಗಾಡಿಗೆ ಒಂದು ಕೊಟ್ಟದ್ದು ಅಂತ ಉಂಟು, ಆದರೆ ಆರನೇ ಗಾಡಿಯಲ್ಲಿ ಹಳೇ ಕಪ್ಪು ವಾಷರೇ ಉಂಟು. ಒಂದು ವಾಷರ್ ಎರಡು ಕಡೆ ಇರುವುದಿಲ್ಲ. ಅದು ಹೋದದ್ದು ಐದಕ್ಕೆ. ಅದು ಗೊತ್ತಿದ್ದವರೇ ಆರು ಅಂತ ಬರೆದದ್ದು. ಆ ಪುಸ್ತಕದಲ್ಲಿ ಬರೆಯುವ ಕೈ ಒಂದೇ."

ಅವರು ಭಟ್ಟರತ್ತ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಬರೆಯದೆ ಬಿಟ್ಟಿದ್ದರೆ ನನಗೆ ಮೂವರಲ್ಲಿ ಯಾರು ಅಂತ ಗೊತ್ತಾಗ್ತಿರಲಿಲ್ಲ ಭಟ್ರೇ."

ಭಟ್ಟರು ಕಿಸೆಯ ಎರಡೂ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. "ಲೆಕ್ಕ ತಪ್ಪಿಸಿ ಇಡ್ಲಿಕ್ಕೆ ಕೈ ಬರ್ಲಿಲ್ಲ" ಎಂದರು. "ಬೆಳಗ್ಗೆ ಆರಕ್ಕೆ ಬಂದಾಗ ಐದನೇ ಗಾಡಿಯಲ್ಲಿ ಸುಯ್ ಅಂತ ಶಬ್ದ. ಸಿಲಿಂಡರ್ ಹೊಸದು, ಹದಿನೈದಕ್ಕೆ ಹಾಕಿದ್ದು. ತುಂಬ ಉಂಟು ಅಂದುಕೊಂಡೆ. ಇಡೀ ರಾತ್ರಿ ಸೋರಿದೆ ಅಂತ ಹೊಳೆಯಲಿಲ್ಲ. ಒಂದು ದಿವಸದ ಮಟ್ಟಿಗೆ ಅಂತ ಹದಿನಾಲ್ಕು ಹಾಕಿದೆ. ವಾಷರ್ ಇವತ್ತು ನಾಳೆಯಲ್ಲಿ ಬರ್ತದೆ, ಬಂದ ಕೂಡಲೇ ಬದಲಾಯಿಸುವುದು ಅಂತ."

"ಝುಬೈರನನ್ನು ಕರಕ್ಕೊಂಡು ಹೋಗುವಾಗ?" ಇನ್ಸ್‌ಪೆಕ್ಟರ್ ಕೇಳಿದರು.

"ನಾಳೆ ಹೇಳ್ತೇನೆ ಅಂದುಕೊಂಡೆ. ಪ್ರತಿ ದಿವಸವೂ ನಾಳೆ ಅಂದುಕೊಂಡೆ."

ಸಂಚಿತಾ ಎದ್ದು ನಿಂತಳು. "ನಿಮ್ಮ ಪುಸ್ತಕದಲ್ಲಿ ಎಲ್ಲಾ ಉಂಟಲ್ಲ. ನನ್ನ ಅಪ್ಪನ ಹೆಸರು ಗೊತ್ತುಂಟಾ ನಿಮಗೆ?"

"ನೋಣಯ್ಯ" ಎಂದರು ಭಟ್ಟರು.

ಶ್ರವಣ್ ಮುಖ ಮುಚ್ಚಿಕೊಂಡಿದ್ದರು. "ವಾಷರ್ ಬೇಕು ಅಂತ ಭಟ್ರು ಚೀಟಿ ಕೊಟ್ಟು ಹತ್ತೊಂಬತ್ತು ದಿವಸ ಆಗಿತ್ತು. ಇಷ್ಟು ಸಣ್ಣದಕ್ಕೆ ಬೇರೆ ಆರ್ಡರ್ ಯಾಕೆ, ಮುಂದಿನ ದೊಡ್ಡ ಆರ್ಡರಿಗೆ ಸೇರಿಸುವ ಅಂತ ನಾನೇ ಮೇಜಿನ ಮೇಲೆ ಇಟ್ಟುಕೊಂಡಿದ್ದೆ."

"ಅದನ್ನೂ ಬರೆದುಕೊಳ್ಳಿ ರಘುವೀರ" ಎಂದರು ವಾರಿಜಕ್ಕ. "ಕೆಟ್ಟದ್ದಕ್ಕೆ ಕೆಂಪು ಬಟ್ಟೆ ಕಟ್ಟಿದರೆ ಸಾಲದು, ಮತ್ತೆ ಯಾರೂ ಹಾಕಲಿಕ್ಕಾಗದ ಹಾಗೆ ಅವತ್ತೇ ಒಡೆದು ಬಿಸಾಡಬೇಕು. ಏಳು ಗಾಡಿಗೆ ಎರಡು ಕಂಪೆನಿಯ ಸಾಮಾನು ಇಟ್ಟರೆ ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಫೋಟೋ ಕಳಿಸಲಿಕ್ಕೆ ನಿಯಮ ಉಂಟು, ನೋಡಲಿಕ್ಕೆ ಜನ ಇಲ್ಲ. ಗಾಡಿ ನಿಲ್ಲಿಸಿದವನಿಗೆ ಅವಮಾನ ಅಂತಾದರೆ ಗಾಡಿಯನ್ನು ಯಾರೂ ನಿಲ್ಲಿಸುವುದಿಲ್ಲ."

ಕೊನೆಯ ಮಾತು ತಮಗೆಂದು ಗುಣವತಿಯವರಿಗೆ ತಿಳಿಯಿತು. "ಆ ಬೋರ್ಡು ಬರೆಸಿದ್ದು ನಾನು" ಎಂದರು. "ಶಾಲು ತರಿಸಿದ್ದೂ ನಾನು." ಅವರು ಎದ್ದು ಸಂಚಿತಾಳ ಮುಂದೆ ಹೋಗಿ ನಿಂತರು. ಕೈ ಮುಗಿಯಲು ಹೋದವರು, ಅದು ಸಾಲದೆಂದು ಅನ್ನಿಸಿತೋ ಏನೋ, ಸುಮ್ಮನೆ ನಿಂತೇ ಇದ್ದರು.

ಭಟ್ಟರ ಮೇಲಿನ ಕೇಸು ಈಗ ಕೋರ್ಟಿನಲ್ಲಿದೆ. ಶ್ರವಣ್ ಹೆಸರೂ ಅದರಲ್ಲಿ ಸೇರಿದೆ. ಝುಬೈರನ ಮೇಲಿನದನ್ನು ಮುಂದಿನ ವಾರವೇ ಕೈಬಿಟ್ಟರು. ಆದರೆ ಆ ಭಾನುವಾರದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು, ಭಟ್ಟರನ್ನು ಪೊಲೀಸ್ ಜೀಪಿನ ಕಡೆಗೆ ಕರೆದೊಯ್ದ ಮೇಲೆ ನಡೆದದ್ದು.

ಝುಬೈರ್ ಸ್ಟೂಲಿನಿಂದ ಎದ್ದು ಸಂಚಿತಾಳ ಎದುರು ಬಂದ. "ಟೀಚರ್, ವಾಲ್ವ್ ಮುಚ್ಚಿ ನೋಡಬೇಕಿತ್ತು ನಾನು. ನೋಡ್ಲಿಲ್ಲ. ಅದು ನನ್ನ ಮೇಲೆ ಉಂಟು. ಯಾರು ಎಂತ ಹೇಳಿದರೂ ಅದು ಹೋಗುವುದಿಲ್ಲ."

ಅವಳು ಮೊದಲ ಸಲ ಅವನ ಮುಖ ನೋಡಿದಳು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ಸರ್, ನನ್ನ ಹೇಳಿಕೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ನಾನೇ ಹೇಳ್ಲಿಲ್ಲ. ಸಿಟ್ಟಿನಲ್ಲಿ ಬೇಕೂಂತಲೇ ಹೇಳ್ಲಿಲ್ಲ." ಅವಳು ಝುಬೈರನತ್ತ ಕೈ ತೋರಿಸಿದಳು. "ಸೇತುವೆಯಲ್ಲಿ ಗಾಡಿ ನಿಂತಾಗ ಇವರು ಹಿಂದೆ ಹಾರಿ ಬಂದು ಅಪ್ಪನ ಬಾಯಿಗೆ ಬಾಯಿ ಇಟ್ಟು ಉಸಿರು ಊದಿದರು. ಎದೆ ಒತ್ತಿದರು. ಅಪ್ಪ ವಾಂತಿ ಮಾಡಿದರೂ ಬಿಡ್ಲಿಲ್ಲ, ಅಂಗಿಯಲ್ಲಿ ಒರೆಸಿ ಮತ್ತೆ ಊದಿದರು. ಮುಂದಿನ ಗಾಡಿ ಸರಿಯುವವರೆಗೆ ಹನ್ನೊಂದು ನಿಮಿಷ. ಅಷ್ಟು ಹೊತ್ತೂ 'ಅಣ್ಣಾ, ಬಿಡಬೇಡಿ, ಬಿಡಬೇಡಿ' ಅಂತ ಹೇಳ್ತಾ ಇದ್ದರು. ಅದನ್ನು ಬರೆಯಿರಿ."

ಝುಬೈರ್ ಗೋಡೆಗೆ ಮುಖ ಮಾಡಿ ನಿಂತ. ಅವನು ಇದನ್ನು ನಮಗೂ ಹೇಳಿರಲಿಲ್ಲ.

ರಘುವೀರ ಕುರ್ಚಿ ಎಳೆದುಕೊಂಡು ಕೂತು, ಕಾಗದ ತೆಗೆದು, ಹನ್ನೊಂದು ನಿಮಿಷ ಎಂಬುದನ್ನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡು ಬರೆಯತೊಡಗಿದರು. ಸಂಚಿತಾ ನಿಧಾನವಾಗಿ, ಮಕ್ಕಳಿಗೆ ಉಕ್ತಲೇಖನ ಹೇಳುವಂತೆ, ಒಂದೊಂದೇ ವಾಕ್ಯವನ್ನು ಮೊದಲಿನಿಂದ ಹೇಳಿದಳು.